ಸಮಾಜಶಾಸ್ತ್ರ ಓದಿದರೆ ಕೆಲಸ ಸಿಗುತ್ತದೆಯೇ?

ಬಿ.ಎ. ಸಮಾಜಶಾಸ್ತ್ರ ಬೇಡ, ಬಿ.ಕಾಂ. ಮಾಡು ಎನ್ನುವ ನಿಮ್ಮ ತಂದೆಯ ಆತಂಕ ಪೂರ್ತಿ ತಪ್ಪಲ್ಲ. ಬರೀ ಪದವಿಯ ಮೇಲೆ ಈ ವಿಷಯದಲ್ಲಿ ಒಳ್ಳೆಯ ಕೆಲಸ ಸಿಗುವುದು ಕಷ್ಟ. ಎಂ.ಎ.ವರೆಗೆ ಹೋಗುವ ಮನಸ್ಸಿದ್ದರೆ ಮಾತ್ರ ಹಟ ಹಿಡಿಯಿರಿ.

ಎಂ.ಎ. ನಂತರ ಅಧ್ಯಾಪಕ ಅರ್ಹತಾ ಪರೀಕ್ಷೆಗಳಾದ ಎನ್‌ಇಟಿ ಅಥವಾ ಕೆ-ಸೆಟ್ ಪಾಸಾದರೆ ಕಾಲೇಜು ಅಧ್ಯಾಪಕಿಯಾಗಬಹುದು. ಹುದ್ದೆ ತುಂಬುವುದು ನಿಧಾನ, ಅತಿಥಿ ಉಪನ್ಯಾಸಕರ ಪಾಡು ನಿಮಗೂ ಗೊತ್ತಿರಬಹುದು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಸಮಾಜಶಾಸ್ತ್ರ 500 ಅಂಕಗಳ ಐಚ್ಛಿಕ ವಿಷಯ. ಆದರೆ ಅದೊಂದನ್ನೇ ನಂಬಿ ಕೂರಬೇಡಿ.

ನನಗೆ ಹೆಚ್ಚು ಭರವಸೆಯಿರುವುದು ಸಂಶೋಧನೆ ಮತ್ತು ಅಭಿವೃದ್ಧಿ ಕ್ಷೇತ್ರದಲ್ಲಿ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹಳೇ ಮೈಸೂರಿನ ಒಂದು ಹಳ್ಳಿಯಲ್ಲಿ ವಾಸವಿದ್ದು, ಜಾತಿ, ಜಮೀನು, ಜಗಳಗಳನ್ನು ದಾಖಲಿಸಿದರು. ಭಾರತದ ಸಮಾಜಶಾಸ್ತ್ರದ ದಿಕ್ಕನ್ನೇ ಬದಲಿಸಿದ ಅಧ್ಯಯನಗಳಲ್ಲಿ ಅದೂ ಒಂದು. ಊರಿಗೆ ಹೋಗಿ ಜನರೊಂದಿಗೆ ಕೂತು ಕೇಳುವ ಆ ಕಸುಬು ಇಂದು ಸ್ವಯಂಸೇವಾ ಸಂಸ್ಥೆಗಳಿಗೆ, ಆರೋಗ್ಯ ಸಮೀಕ್ಷೆಗಳಿಗೆ, ಗ್ರಾಹಕರನ್ನು ಅರಿಯಬೇಕಾದ ಕಂಪನಿಗಳಿಗೂ ಬೇಕು. ಕನ್ನಡದಲ್ಲಿ ಸಂದರ್ಶನ ಮಾಡಿ ಇಂಗ್ಲಿಷಿನಲ್ಲಿ ವರದಿ ಬರೆಯಬಲ್ಲವರು ಅಲ್ಲಿ ಕಡಿಮೆ. ಸಮಾಜವಿಜ್ಞಾನ ಸಂಶೋಧನೆಗೆ ಮೀಸಲಾದ ಬೆಂಗಳೂರಿನ ಐಸೆಕ್‌ನಂಥ ಸಂಸ್ಥೆಯಲ್ಲಿ ಪಿಎಚ್‌.ಡಿ.ಗೂ ಅವಕಾಶವಿದೆ.

ಸಂಖ್ಯಾಶಾಸ್ತ್ರಕ್ಕೆ ಹೆದರಬೇಡಿ, ಎಕ್ಸೆಲ್ ಈಗಲೇ ಕಲಿಯಿರಿ. ಪ್ರವೇಶ ಪಡೆಯುವ ಮೊದಲು ಕಾಲೇಜಿನ ಪಠ್ಯಕ್ರಮ ತರಿಸಿ ನೋಡಿ. ಸಂಶೋಧನಾ ವಿಧಾನದ ಪತ್ರಿಕೆಯೂ ಕ್ಷೇತ್ರಕಾರ್ಯವೂ ಇಲ್ಲದಿದ್ದರೆ ಬೇರೆ ಕಾಲೇಜು ಹುಡುಕಿ.