ಜಾಲತಾಣದ ತಾಲೀಮು ಮನೆ

ನಮ್ಮ ಹಳ್ಳಿಗಳಲ್ಲಿ ಜಾತ್ರೆಯ ರಾತ್ರಿ ನಾಟಕವಾಡುವ ಪದ್ಧತಿಯುಂಟು. ರಂಗವೇರುವುದು ಒಂದೇ ರಾತ್ರಿಯಾದರೂ ಅದಕ್ಕೆ ಎರಡು ಮೂರು ತಿಂಗಳು ಮೊದಲೇ ತಾಲೀಮು ಆರಂಭವಾಗುತ್ತದೆ. ಯಾರದೋ ಮನೆಯ ಪಡಸಾಲೆಯಲ್ಲಿ ಹಾರ್ಮೋನಿಯಂ ಮೇಷ್ಟ್ರು ಕುಳಿತಿರುತ್ತಾರೆ. ಮಾತು ಮರೆಯುವವರು ಮರೆಯುತ್ತಾರೆ, ಶ್ರುತಿ ತಪ್ಪುವವರು ತಪ್ಪುತ್ತಾರೆ, ಮೇಷ್ಟ್ರು ಗದರುತ್ತಾರೆ. ಆದರೆ ನೋಡಿ ನಗುವುದಕ್ಕೆ ಊರು ಅಲ್ಲಿ ನೆರೆದಿರುವುದಿಲ್ಲ. ತಪ್ಪುವುದಕ್ಕೂ ತಿದ್ದಿಕೊಳ್ಳುವುದಕ್ಕೂ ಅದು ತಕ್ಕ ಎಡೆ.

ಜಾಲತಾಣವನ್ನು ಕಟ್ಟುವವರಿಗೂ ಇಂತಹದೊಂದು ಎಡೆ ಅವಶ್ಯಕ. ಶಾಲೆಯ ಜಾಲತಾಣವೊಂದು ನಡೆಯುತ್ತಿದೆಯೆಂದು ಭಾವಿಸೋಣ. ಅದನ್ನು ಸುಧಾರಿಸಹೊರಟವನು ಎಲ್ಲರೂ ನೋಡುತ್ತಿರುವ ಪುಟದ ಮೇಲೆಯೇ ಕೈಯಾಡಿಸಿದರೆ, ಒಂದು ಅರ್ಧವಿರಾಮ ಚಿಹ್ನೆ ಬಿಟ್ಟುಹೋದ ಮಾತ್ರಕ್ಕೆ ಇಡೀ ಪುಟ ಬರಿದಾಗಬಹುದು. ಪರೀಕ್ಷೆಯ ವೇಳಾಪಟ್ಟಿಯನ್ನು ನೋಡಲು ಬಂದ ವಿದ್ಯಾರ್ಥಿ ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಅಚಾತುರ್ಯದಿಂದ ಅಂಕಪಟ್ಟಿಯೇ ಅಳಿಸಿಹೋದರಂತೂ ಅದು ನಗುವ ವಿಷಯವಲ್ಲ. ಆದಕಾರಣ ಅನುಭವಸ್ಥರು ತಮ್ಮ ಸ್ವಂತ ಕಂಪ್ಯೂಟರಿನಲ್ಲಿಯೇ ಒಂದು ಸರ್ವರನ್ನು ಸ್ಥಾಪಿಸಿಕೊಂಡು, ಕೆಲಸವನ್ನೆಲ್ಲ ಅಲ್ಲಿ ಮುಗಿಸಿ, ಪರೀಕ್ಷಿಸಿ, ಅನಂತರ ಜಾಲತಾಣವನ್ನು ಲೋಕದ ಮುಂದಿಡುತ್ತಾರೆ. ಇದನ್ನು ಸ್ಥಳೀಯ ಸರ್ವರ್ ಎಂದು ಕರೆಯುತ್ತಾರೆ.

ಸರ್ವರ್ ಎಂದೊಡನೆ ಹಲವರ ಕಣ್ಣ ಮುಂದೆ ತಂಪುಗೊಳಿಸಿದ ದೊಡ್ಡ ಕೋಣೆ, ಅದರಲ್ಲಿ ಸಾಲುಸಾಲಾಗಿ ಮಿನುಗುವ ಯಂತ್ರಗಳು ಬಂದು ನಿಲ್ಲುತ್ತವೆ. ಅಂತಹ ಕೋಣೆಗಳಿರುವುದು ನಿಜ. ಆದರೆ ಸರ್ವರ್ ಎಂಬುದು ಮೂಲತಃ ಒಂದು ಯಂತ್ರದ ಹೆಸರಲ್ಲ, ಒಂದು ಕೆಲಸದ ಹೆಸರು. ಕೇಳಿದ್ದನ್ನು ಹುಡುಕಿ ಕೊಡುವ ತಂತ್ರಾಂಶವೇ ಸರ್ವರ್. ಕೇಳುವ ತಂತ್ರಾಂಶಕ್ಕೆ ಬ್ರೌಸರ್ ಎಂದು ಹೆಸರು. ‘ಇಂತಹ ಪುಟವನ್ನು ಕಳುಹಿಸು’ ಎಂದು ಬ್ರೌಸರ್ ಬೇಡುತ್ತದೆ. ಸರ್ವರ್ ಅದನ್ನು ಕಳುಹಿಸುತ್ತದೆ, ಇಲ್ಲವೆ ‘ಅದು ನನ್ನಲ್ಲಿಲ್ಲ’ ಎಂದು ಉತ್ತರಿಸುತ್ತದೆ. ಈ ಎರಡು ತಂತ್ರಾಂಶಗಳು ಸಾವಿರಾರು ಮೈಲಿ ದೂರದಲ್ಲಿದ್ದರೂ ಸರಿಯೆ, ಒಂದೇ ಕಂಪ್ಯೂಟರಿನಲ್ಲಿದ್ದರೂ ಸರಿಯೆ. ಅವುಗಳ ಸಂಭಾಷಣೆಯ ರೀತಿ ಬದಲಾಗುವುದಿಲ್ಲ.

ಒಂದು ಯಂತ್ರ ಎರಡು ಪಾತ್ರಗಳನ್ನು ವಹಿಸುವ ಈ ಕ್ರಮ ಹೊಸದೇನೂ ಅಲ್ಲ. ಜಾಲವು ಹುಟ್ಟಿದ್ದೇ ಹಾಗೆ. ಜಿನೀವಾ ನಗರದ ಬಳಿಯಿರುವ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಅನೇಕ ದೇಶಗಳ ವಿಜ್ಞಾನಿಗಳು ಕೆಲಸಮಾಡುತ್ತಿದ್ದರು. ಅವರ ಬರಹಗಳು ಬೇರೆ ಬೇರೆ ಬಗೆಯ ಕಂಪ್ಯೂಟರುಗಳಲ್ಲಿ ಚದುರಿಹೋಗಿದ್ದವು. ಒಬ್ಬರದು ಇನ್ನೊಬ್ಬರಿಗೆ ಸುಲಭವಾಗಿ ದೊರೆಯುತ್ತಿರಲಿಲ್ಲ. ಇದಕ್ಕೊಂದು ಪರಿಹಾರವನ್ನು ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲೆಂಡಿನ ವಿಜ್ಞಾನಿ 1989ರ ಮಾರ್ಚ್ ತಿಂಗಳಲ್ಲಿ ಸೂಚಿಸಿದರು. 1990ರ ಕೊನೆಯ ಹೊತ್ತಿಗೆ ಪ್ರಪಂಚದ ಮೊತ್ತಮೊದಲ ಜಾಲ ಸರ್ವರೂ ಮೊತ್ತಮೊದಲ ಬ್ರೌಸರೂ ಅವರ ಮೇಜಿನ ಮೇಲಿದ್ದ ನೆಕ್ಸ್ಟ್ ಎಂಬ ಕಂಪ್ಯೂಟರಿನಲ್ಲಿ ಸಿದ್ಧವಾಗಿದ್ದವು. ರಾತ್ರಿ ಹೊತ್ತು ಯಾರಾದರೂ ಬಂದು ಅದನ್ನು ಸಾಮಾನ್ಯ ಯಂತ್ರವೆಂದು ಬಗೆದು ಆರಿಸಿಬಿಟ್ಟರೆ ಜಾಲವೇ ನಂದಿಹೋಗುತ್ತಿದ್ದಿತು. ಆದುದರಿಂದ ‘ಈ ಯಂತ್ರವು ಸರ್ವರ್, ಇದನ್ನು ಆರಿಸಬೇಡಿ’ ಎಂಬರ್ಥದ ಚೀಟಿಯನ್ನು ಕೈಯಲ್ಲೇ ಬರೆದು ಅದಕ್ಕೆ ಅಂಟಿಸಿದ್ದರು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆಯು ಈ ತಂತ್ರವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಸಾರಿತು. ಆ ಔದಾರ್ಯವಿಲ್ಲದಿದ್ದರೆ ಮುಂದಿನ ಕಥೆಯೇ ಬೇರೆಯಾಗುತ್ತಿತ್ತೆನ್ನಬಹುದು.

ಬ್ರೌಸರು ತನ್ನ ಯಂತ್ರದಲ್ಲಿಯೇ ಇರುವ ಸರ್ವರನ್ನು ಹೇಗೆ ಗುರುತಿಸುತ್ತದೆ? ಅಂತರ್ಜಾಲದಲ್ಲಿ ಪ್ರತಿಯೊಂದು ಯಂತ್ರಕ್ಕೂ ಸಂಖ್ಯಾರೂಪದ ವಿಳಾಸವೊಂದಿರುತ್ತದೆ. ಅವುಗಳಲ್ಲಿ 127.0.0.1 ಎಂಬ ವಿಳಾಸವು ವಿಲಕ್ಷಣವಾದುದು. ‘ನಾನು’ ಎಂಬ ಪದವನ್ನು ಯಾರು ಆಡಿದರೆ ಅದು ಅವರನ್ನೇ ಸೂಚಿಸುವಂತೆ, ಈ ವಿಳಾಸವನ್ನು ಯಾವ ಯಂತ್ರ ಬಳಸಿದರೆ ಅದು ಆ ಯಂತ್ರವನ್ನೇ ಸೂಚಿಸುತ್ತದೆ. ಸಂಖ್ಯೆಗಳು ನೆನಪಿನಲ್ಲಿ ಉಳಿಯಲಾರವೆಂದು ಇದಕ್ಕೆ ಲೋಕಲ್‌ಹೋಸ್ಟ್ ಎಂಬ ಹೆಸರನ್ನೂ ಕೊಟ್ಟಿದ್ದಾರೆ. ಈ ವಿಳಾಸಕ್ಕೆ ಕಳುಹಿಸಿದ ಸಂದೇಶ ಯಂತ್ರದ ಹೊಸಿಲನ್ನು ದಾಟುವುದೇ ಇಲ್ಲ. ಅಂತರ್ಜಾಲದ ತಂತಿಯನ್ನು ಕಿತ್ತಿಟ್ಟರೂ ಕೆಲಸ ನಿಲ್ಲದು. ಸಂಪರ್ಕ ಪದೇ ಪದೇ ಕಡಿದುಹೋಗುವ ಊರಿನ ವಿದ್ಯಾರ್ಥಿಗೆ ಇದೇನು ಸಣ್ಣ ಅನುಕೂಲವಲ್ಲ. ಈ ಒಂದೇ ಉಪಯೋಗಕ್ಕಾಗಿ 127ರಿಂದ ಆರಂಭವಾಗುವ 1,67,77,216 ವಿಳಾಸಗಳನ್ನೂ ಹಿಂದೆ ಮೀಸಲಿಟ್ಟುಬಿಟ್ಟರು. ವಿಳಾಸಗಳಿಗೆ ಅಭಾವ ಬಂದಿರುವ ಈ ಕಾಲದಲ್ಲಿ ಅದು ದುಂದುಗಾರಿಕೆಯಾಗಿ ತೋರಿದರೆ ಆಶ್ಚರ್ಯವಿಲ್ಲ.

ವಿಳಾಸವೊಂದೇ ಸಾಲದು. ಒಂದು ಯಂತ್ರದಲ್ಲಿ ಹಲವು ತಂತ್ರಾಂಶಗಳು ಏಕಕಾಲದಲ್ಲಿ ಸಂದೇಶಗಳನ್ನು ನಿರೀಕ್ಷಿಸುತ್ತಿರುತ್ತವೆ. ಯಾವ ಸಂದೇಶ ಯಾರಿಗೆಂದು ತಿಳಿಯಲು ಪೋರ್ಟ್ ಎಂಬ ಸಂಖ್ಯೆಗಳುಂಟು. ಒಂದೇ ಮನೆಗೆ ಇರುವ ಹಲವು ಬಾಗಿಲುಗಳೆಂದು ಅವನ್ನು ತಿಳಿಯಬಹುದು. ಜಾಲ ಸರ್ವರಿಗೆ ರೂಢಿಯಿಂದ ಬಂದ ಬಾಗಿಲು 80. ಗೂಢಲಿಪಿಯಲ್ಲಿ ನಡೆಯುವ ಸುರಕ್ಷಿತ ವ್ಯವಹಾರಕ್ಕೆ 443. ಒಂದು ಬಾಗಿಲಲ್ಲಿ ಇಬ್ಬರು ದ್ವಾರಪಾಲಕರು ನಿಲ್ಲುವಂತಿಲ್ಲ. ಬೇರೊಂದು ತಂತ್ರಾಂಶ ಆಗಲೇ 80ನ್ನು ಹಿಡಿದು ಕುಳಿತಿದ್ದರೆ ನಮ್ಮ ಸರ್ವರ್ ಏಳುವುದೇ ಇಲ್ಲ. ಹೊಸಬರನ್ನು ಮೊದಲ ದಿನವೇ ಕಂಗೆಡಿಸುವ ತೊಂದರೆ ಇದು. ಆಗ ಸರ್ವರಿನ ವ್ಯವಸ್ಥೆಯ ಕಡತದಲ್ಲಿ 80ನ್ನು 8080 ಎಂದು ಬದಲಿಸಿ, ವಿಳಾಸದ ಕೊನೆಯಲ್ಲಿ ವಿವರಣ ಚಿಹ್ನೆಯ ಎರಡು ಚುಕ್ಕೆಗಳನ್ನಿಟ್ಟು ಆ ಸಂಖ್ಯೆಯನ್ನು ಸೇರಿಸಿದರೆ ದಾರಿ ತೆರೆಯುತ್ತದೆ.

ಇಲ್ಲಿ ಒಂದು ಸಂದೇಹ ಏಳಬಹುದು. ಪುಟದ ಕಡತ ನಮ್ಮ ಕಂಪ್ಯೂಟರಿನಲ್ಲಿಯೇ ಇರುವಾಗ ಅದನ್ನು ನೇರವಾಗಿ ಬ್ರೌಸರಿನಲ್ಲಿ ತೆರೆದರಾಯಿತಲ್ಲವೆ? ನಡುವೆ ಸರ್ವರೇಕೆ? ಬರೆದದ್ದನ್ನು ಬರೆದಂತೆ ತೋರಿಸುವ ಸರಳ ಪುಟಗಳಿಗೆ ಈ ವಾದ ಬಹುಮಟ್ಟಿಗೆ ಸಲ್ಲುತ್ತದೆ. ಆದರೆ ಶಾಲೆಯ ಗ್ರಂಥಾಲಯದ ಪುಸ್ತಕಗಳನ್ನು ಹುಡುಕಿಕೊಡುವ ಪುಟವನ್ನು ಯೋಚಿಸಿರಿ. ಓದುಗನು ಒಬ್ಬ ಲೇಖಕನ ಹೆಸರನ್ನು ಕೊಡುತ್ತಾನೆ. ಆ ಲೇಖಕನ ಯಾವ ಯಾವ ಪುಸ್ತಕಗಳಿವೆ, ಯಾವುದು ಕಪಾಟಿನಲ್ಲಿದೆ, ಯಾವುದು ಯಾರ ಮನೆಗೆ ಹೋಗಿದೆ ಎಂಬುದನ್ನು ದತ್ತಸಂಚಯದಲ್ಲಿ ಹುಡುಕಬೇಕು. ಉತ್ತರವನ್ನು ಆ ಕ್ಷಣದಲ್ಲಿಯೇ ಪುಟವಾಗಿ ರಚಿಸಬೇಕು. ಇಂತಹ ಪುಟ ಕಡತದಲ್ಲಿ ಮೊದಲೇ ಸಿದ್ಧವಾಗಿರುವುದಿಲ್ಲ. ಅದನ್ನು ರಚಿಸುವ ಸೂಚನೆಗಳು ಮಾತ್ರ ಇರುತ್ತವೆ. ಸೂಚನೆಗಳನ್ನು ನೆರವೇರಿಸುವುದು ಸರ್ವರಿನ ಕಡೆಯ ಕೆಲಸ. ಬ್ರೌಸರಿಗೆ ಆ ವಿದ್ಯೆ ತಿಳಿಯದು. ಅಡುಗೆಯ ಕ್ರಮವನ್ನು ಬರೆದ ಕಾಗದವನ್ನೇ ಎಲೆಯ ಮೇಲೆ ಬಡಿಸಿದರೆ ಹೊಟ್ಟೆ ತುಂಬೀತೆ?

ಈ ಅಡುಗೆಗೆ ಬೇಕಾದ ಮೂರು ಮುಖ್ಯ ತಂತ್ರಾಂಶಗಳು 1995ರಲ್ಲಿಯೇ ಬೆಳಕು ಕಂಡವೆಂಬುದು ಸೋಜಿಗದ ಸಂಗತಿ. ಮೊದಲನೆಯದು ಅಪಾಚೆ ಎಂಬ ಸರ್ವರ್. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ರಾಬ್ ಮೆಕೂಲ್ ಎಂಬುವರು ಒಂದು ಸರ್ವರನ್ನು ರಚಿಸಿದ್ದರು. 1994ರಲ್ಲಿ ಅವರು ಆ ಸ್ಥಳವನ್ನು ಬಿಟ್ಟುಹೋದ ಮೇಲೆ ಅದು ದಿಕ್ಕಿಲ್ಲದಂತಾಯಿತು. ಅದನ್ನು ಬಳಸುತ್ತಿದ್ದವರು ತಂತಮ್ಮಷ್ಟಕ್ಕೆ ತಿದ್ದುಪಡಿಗಳನ್ನು ಮಾಡಿಕೊಳ್ಳುತ್ತಿದ್ದರು. 1995ರ ಫೆಬ್ರವರಿಯಲ್ಲಿ ಅಂತಹ ಎಂಟು ಜನ ಒಂದುಗೂಡಿ, ಚದುರಿದ್ದ ತಿದ್ದುಪಡಿಗಳನ್ನೆಲ್ಲ ಹೊಂದಿಸಿ, ಏಪ್ರಿಲ್ ತಿಂಗಳಲ್ಲಿ ಅಪಾಚೆಯನ್ನು ಹೊರತಂದರು. ಅಮೆರಿಕದ ಮೂಲನಿವಾಸಿಗಳಾದ ಅಪಾಚೆ ಜನರ ಗೌರವಾರ್ಥವಾಗಿ ಈ ಹೆಸರು ಬಂದಿತೆನ್ನುತ್ತಾರೆ. ಇಂಗ್ಲಿಷಿನಲ್ಲಿ ‘ತೇಪೆ ಹಚ್ಚಿದ್ದು’ ಎಂಬ ಮಾತಿಗೂ ಅದರ ಉಚ್ಚಾರಣೆ ಹತ್ತಿರವಾಗಿರುವುದರಿಂದ ಶ್ಲೇಷೆಯೂ ಸೇರಿದೆ. ಎರಡನೆಯದು ಪಿಎಚ್‌ಪಿ ಎಂಬ ಭಾಷೆ. ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿದ ರಾಸ್ಮಸ್ ಲರ್ಡಾರ್ಫ್ ತಮ್ಮ ಸ್ವವಿವರದ ಪುಟವನ್ನು ಎಷ್ಟು ಜನ ನೋಡುತ್ತಾರೆಂದು ತಿಳಿಯಲು 1994ರಲ್ಲಿ ರಚಿಸಿದ ಪುಟ್ಟ ಸಾಧನವೇ ಅದರ ಬೀಜ. ಮೂರನೆಯದು ಮೈಎಸ್‌ಕ್ಯೂಎಲ್ ಎಂಬ ದತ್ತಸಂಚಯ. ಅದರ ಕರ್ತೃಗಳಲ್ಲೊಬ್ಬರಾದ ಮೈಕೆಲ್ ವಿಡೇನಿಯಸ್ ತಮ್ಮ ಮಗಳಾದ ಮೈಯ ಹೆಸರನ್ನೇ ಅದಕ್ಕಿಟ್ಟರು. 2009ರಲ್ಲಿ ಅದರಿಂದ ಕವಲೊಡೆದ ಹೊಸ ದತ್ತಸಂಚಯಕ್ಕೆ ಕಿರಿಯ ಮಗಳ ಹೆಸರು ಸೇರಿ ಮಾರಿಯಾಡಿಬಿ ಎಂದಾಯಿತು.

ಇವನ್ನು ಬಿಡಿಬಿಡಿಯಾಗಿ ತಂದು ಹೊಂದಿಸುವುದು ಶ್ರಮದ ಕೆಲಸ. ಆ ಶ್ರಮವನ್ನು ತಪ್ಪಿಸಲು 2002ರಲ್ಲಿ ಅಪಾಚೆ ಫ್ರೆಂಡ್ಸ್ ಎಂಬ ತಂಡ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಜ್ಯಾಂಪ್ ಎಂಬ ಹೆಸರಿನಿಂದ ಉಚಿತವಾಗಿ ಹಂಚತೊಡಗಿತು. ವಿಂಡೋಸ್, ಲಿನಕ್ಸ್, ಮ್ಯಾಕ್ ಈ ಮೂರಕ್ಕೂ ಅದು ದೊರೆಯುತ್ತದೆ. ತಂಡದ ಸ್ವಂತ ಜಾಲತಾಣದಿಂದಲೇ ಅದನ್ನು ಇಳಿಸಿಕೊಳ್ಳುವುದು ಕ್ಷೇಮ. ವಿಂಡೋಸಿನಲ್ಲಿ ಅದು ಸಿ ಡ್ರೈವಿನ ಮೇಲೆ ತನ್ನದೇ ಆದ ಫೋಲ್ಡರನ್ನು ಮಾಡಿಕೊಳ್ಳುತ್ತದೆ. ಅದರ ನಿಯಂತ್ರಣ ಫಲಕವನ್ನು ತೆರೆದು ಅಪಾಚೆಯ ಎದುರಿನ ಗುಂಡಿಯನ್ನೊತ್ತಿದರೆ ಸರ್ವರ್ ಎಚ್ಚರಗೊಳ್ಳುತ್ತದೆ. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ಎಂದು ಬರೆದೊಡನೆ ಸ್ವಾಗತದ ಪುಟ ಕಾಣಿಸಿಕೊಂಡರೆ ಸ್ಥಾಪನೆ ಸಫಲವಾಯಿತೆಂದು ತಿಳಿಯಬೇಕು. ಇನ್ನು ಮುಂದೆ ಎಚ್‌ಟಿಡಾಕ್ಸ್ ಎಂಬ ಫೋಲ್ಡರಿನಲ್ಲಿ ಏನನ್ನಿಡುತ್ತೇವೆಯೋ ಅದನ್ನೇ ಸರ್ವರ್ ಬಡಿಸುತ್ತದೆ. ಅದರೊಳಗೆ ‘ಪುಸ್ತಕ’ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟು ಒಂದು ಫೋಲ್ಡರನ್ನು ಮಾಡಿ, ಇಂಡೆಕ್ಸ್ ಎಂಬ ಕಡತವನ್ನು ಬರೆದಿಟ್ಟರೆ, ಲೋಕಲ್‌ಹೋಸ್ಟ್ ಎಂಬುದರ ಮುಂದೆ ಓರೆಗೆರೆ ಎಳೆದು ಆ ಹೆಸರನ್ನು ಸೇರಿಸಿ ಅದನ್ನು ನೋಡಬಹುದು. ದತ್ತಸಂಚಯದ ಅಗತ್ಯವಿಲ್ಲದ ಸರಳ ಪುಟಗಳಿಗೆ ಇಷ್ಟೆಲ್ಲ ಸಂಭ್ರಮ ಬೇಡ. ಪೈಥಾನ್ ಭಾಷೆಯೊಡನೆಯೇ ಬರುವ ಚಿಕ್ಕ ಸರ್ವರನ್ನು ಒಂದೇ ಸಾಲಿನ ಆಜ್ಞೆಯಿಂದ 8000ನೆಯ ಬಾಗಿಲಲ್ಲಿ ನಿಲ್ಲಿಸಬಹುದು.

ಕನ್ನಡದಲ್ಲಿ ಪುಟಗಳನ್ನು ರಚಿಸುವವರು ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಯಂತ್ರಕ್ಕೆ ಅಕ್ಷರಗಳು ತಿಳಿಯವು, ಸಂಖ್ಯೆಗಳು ಮಾತ್ರ ತಿಳಿಯುತ್ತವೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಒಪ್ಪಂದವೇ ಯೂನಿಕೋಡ್. ಜಾಲದಲ್ಲಿ ಅದನ್ನು ಯುಟಿಎಫ್-8 ಎಂಬ ಪದ್ಧತಿಯಲ್ಲಿ ಬರೆಯುವುದು ವಾಡಿಕೆ. ಅದರಂತೆ ನಮ್ಮ ‘ಕ’ ಅಕ್ಷರಕ್ಕೆ ಮೂರು ಬೈಟುಗಳು ಬೇಕು. ‘ಇದು ಯುಟಿಎಫ್-8’ ಎಂದು ಸರ್ವರಾಗಲಿ ಪುಟವಾಗಲಿ ತಿಳಿಸದೆ ಹೋದರೆ ಬ್ರೌಸರ್ ಊಹೆಗೆ ತೊಡಗುತ್ತದೆ. ಊಹೆಯು ಪಾಶ್ಚಾತ್ಯ ಭಾಷೆಗಳ ಹಳೆಯ ಪದ್ಧತಿಯತ್ತ ವಾಲಿತೋ, ‘ಕ’ ಎಂಬಲ್ಲಿ ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷಿನ ಮೊದಲ ಅಕ್ಷರ, ಮೇಲಕ್ಕೇರಿಸಿದ ಪುಟ್ಟ 2, ಒಂದು ದಪ್ಪ ಚುಕ್ಕೆ, ಹೀಗೆ ಮೂರು ಗುರುತುಗಳು ಮೂಡುತ್ತವೆ. ಅಂದವಾಗಿ ಬರೆದ ಪುಟವೆಲ್ಲ ಇಂತಹ ಗೊಂಚಲುಗಳಿಂದ ತುಂಬಿ, ನೋಡಿದವರು ಕಡತವೇ ಕೆಟ್ಟಿತೆಂದು ಹೆದರುವುದುಂಟು. ಕಡತ ಕೆಟ್ಟಿರುವುದಿಲ್ಲ, ಪುಟದ ತಲೆಭಾಗದಲ್ಲಿ ಪದ್ಧತಿಯ ಹೆಸರನ್ನು ಒಂದು ಸಾಲಿನಲ್ಲಿ ತಿಳಿಸಿದರೆ ಅಕ್ಷರಗಳು ಮರಳಿ ಬರುತ್ತವೆ. ತಾಲೀಮು ಮನೆಯಲ್ಲಿಯೇ ಇದು ಕಣ್ಣಿಗೆ ಬಿದ್ದರೆ ಎಷ್ಟು ಒಳ್ಳೆಯದು!

ಸರ್ವರ್ ತನ್ನ ಕಷ್ಟಗಳನ್ನು ಸಂಖ್ಯೆಗಳಲ್ಲಿ ಹೇಳಿಕೊಳ್ಳುತ್ತದೆ. 404 ಎಂದರೆ ಕೇಳಿದ ಪುಟ ಇಲ್ಲ. ಹತ್ತರಲ್ಲಿ ಒಂಬತ್ತು ಸಲ ಇದಕ್ಕೆ ಕಾಗುಣಿತದ ದೋಷವೇ ಕಾರಣವೆಂದು ತಿಳಿದು ಮೊದಲು ಹೆಸರನ್ನು ಪರಿಶೀಲಿಸಬೇಕು. 403 ಎಂದರೆ ಪ್ರವೇಶವಿಲ್ಲ. 500 ಎಂದರೆ ಸರ್ವರಿನ ಒಳಗೇ ಏನೋ ಎಡವಟ್ಟಾಗಿದೆ. ಈ ಕೊನೆಯದು ಬಂದಾಗ ಪರದೆಯನ್ನು ನೋಡುತ್ತ ಕುಳಿತರೆ ಪ್ರಯೋಜನವಿಲ್ಲ. ಅಪಾಚೆಯು ದಿನಚರಿಯಂತೆ ಬರೆದಿಡುವ ದೋಷದ ಕಡತವೊಂದುಂಟು. ಯಾವ ಹೊತ್ತಿನಲ್ಲಿ, ಯಾವ ಕಡತದ, ಎಷ್ಟನೆಯ ಸಾಲಿನಲ್ಲಿ ಮುಗ್ಗರಿಸಿತೆಂಬುದು ಬಹಳ ಸಲ ಅಲ್ಲಿಯೇ ಸಿಕ್ಕುತ್ತದೆ. ಅದನ್ನು ಓದುವ ತಾಳ್ಮೆಯುಳ್ಳವನು ಬೇಗ ಕಲಿಯುತ್ತಾನೆ.

ತಾಲೀಮು ಮನೆಗೆ ಬಾಗಿಲು ಹಾಕಿಕೊಳ್ಳುವುದೂ ಅಗತ್ಯ. ಜ್ಯಾಂಪ್ ಕಲಿಯುವವರ ಅನುಕೂಲಕ್ಕಾಗಿ ಸಿದ್ಧಪಡಿಸಿದ್ದು. ಆದುದರಿಂದ ಅದರ ದತ್ತಸಂಚಯದ ಮುಖ್ಯಾಧಿಕಾರಿಯ ಖಾತೆಗೆ ಮೊದಲಲ್ಲಿ ಗುಪ್ತಪದವೇ ಇರುವುದಿಲ್ಲ. ತಡೆಗಳಿಲ್ಲದಿದ್ದರೆ ಅದೇ ವೈಫೈ ಸಂಪರ್ಕದಲ್ಲಿರುವ ಬೇರೆ ಯಂತ್ರಗಳೂ ನಮ್ಮ ಸರ್ವರನ್ನು ತಲುಪಬಲ್ಲವು. ಕಾಲೇಜು, ರೈಲು ನಿಲ್ದಾಣ ಮುಂತಾದ ಕಡೆಗಳಲ್ಲಿ ಇದು ಅಪಾಯಕ್ಕೆ ಎಡೆಕೊಡಬಹುದು. ಕೆಲಸ ಮುಗಿದೊಡನೆ ಸರ್ವರನ್ನು ನಿಲ್ಲಿಸತಕ್ಕದ್ದು. ಸಹಪಾಠಿಗಳ ನಿಜವಾದ ಹೆಸರು, ದೂರವಾಣಿ ಸಂಖ್ಯೆಗಳನ್ನು ಅಭ್ಯಾಸದ ದತ್ತಸಂಚಯದಲ್ಲಿ ತುಂಬಕೂಡದು. ಇದೇ ವ್ಯವಸ್ಥೆಯನ್ನು ಹಾಗೆಯೇ ಸಾರ್ವಜನಿಕ ಸರ್ವರಾಗಿ ಬಳಸುವುದಂತೂ ಸರ್ವಥಾ ಸಲ್ಲದು.

ಎಲ್ಲ ಸರಿಯಾಗಿದೆಯೆಂದು ಕಂಡ ಮೇಲೆ ಕಡತಗಳನ್ನು ಸಾರ್ವಜನಿಕ ಸರ್ವರಿಗೆ ಸಾಗಿಸುತ್ತಾರೆ. ಮನೆಯಲ್ಲಿ ಚೆನ್ನಾಗಿ ನಡೆದದ್ದು ಅಲ್ಲಿ ಹಟಾತ್ತನೆ ತೊಡರುವುದುಂಟು. ಇದಕ್ಕೊಂದು ಪ್ರಸಿದ್ಧ ಕಾರಣವಿದೆ. ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನು ಕಡತಗಳ ಹೆಸರಿನಲ್ಲಿ ವಿಂಡೋಸ್ ಸಾಮಾನ್ಯವಾಗಿ ಎಣಿಸುವುದಿಲ್ಲ. ಸಾರ್ವಜನಿಕ ಸರ್ವರುಗಳು ಹೆಚ್ಚಾಗಿ ಲಿನಕ್ಸ್ ವ್ಯವಸ್ಥೆಯವು. ಲಿನಕ್ಸಿಗೆ ಅವು ಬೇರೆ ಬೇರೆ ಹೆಸರುಗಳೇ. ಪುಟದಲ್ಲಿ ಚಿತ್ರದ ಹೆಸರನ್ನು ಸಣ್ಣಕ್ಷರದಿಂದ ಆರಂಭಿಸಿ, ಕಡತದ ಹೆಸರನ್ನು ದೊಡ್ಡಕ್ಷರದಿಂದ ಆರಂಭಿಸಿದ್ದರೆ ಮನೆಯಲ್ಲಿ ಕಂಡ ಚಿತ್ರ ಅಲ್ಲಿ ಕಾಣದು, 404 ಎದುರಾಗುತ್ತದೆ. ಆದುದರಿಂದಲೇ ಬಲ್ಲವರು ಮೊದಲ ದಿನದಿಂದಲೂ ಎಲ್ಲ ಕಡತಗಳಿಗೆ ಸಣ್ಣಕ್ಷರಗಳಲ್ಲಿ, ನಡುವೆ ತೆರಪಿಲ್ಲದಂತೆ, ಹೆಸರಿಡುತ್ತಾರೆ.