ಡ್ರೈಕ್ಲೀನ್ ಬಟ್ಟೆ ಮತ್ತು ಮನೆಯೊಳಗಿನ ಗಾಳಿ

ಮದುವೆಯ ದಿನಗಳು ಮುಗಿದೊಡನೆ ರೇಷ್ಮೆ ಸೀರೆ, ಕೋಟುಗಳು ಡ್ರೈಕ್ಲೀನಿಂಗ್ ಅಂಗಡಿಗೆ ಹೋಗಿ, ಪ್ಲಾಸ್ಟಿಕ್ ಹೊದಿಕೆಯೊಡನೆ ಮರಳಿ ನೇರವಾಗಿ ಕಪಾಟನ್ನು ಸೇರುತ್ತವೆ. ‘ಡ್ರೈ’ ಎಂಬುದು ಹೆಸರಿಗೆ ಮಾತ್ರ. ಅಲ್ಲಿ ನೀರಿನ ಬದಲು ಪೆಟ್ರೋಲಿಯಂ ಮೂಲದ ದ್ರವದಲ್ಲಿ ಅಥವಾ ಪರ್‌ಕ್ಲೋರೋಎಥಿಲೀನ್‌ನಲ್ಲಿ ಬಟ್ಟೆಯನ್ನು ತೋಯಿಸುತ್ತಾರೆ. ಈ ಎರಡನೆಯದು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವವುಳ್ಳದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲಿಯೇ ವರ್ಗೀಕರಿಸಿದೆ. ಹೆಚ್ಚಿನ ಅಪಾಯ ಅಂಗಡಿಯ ಕೆಲಸಗಾರರಿಗೆ, ನಿಜ. ಆದರೆ ನೂಲಿನಲ್ಲಿ ಉಳಿದ ಅಂಶವು ಮನೆಗೆ ಬಂದ ಮೇಲೂ ಆವಿಯಾಗಿ ಹೊರಬರುತ್ತಿರುತ್ತದೆ; ಕಿಟಕಿ ಮುಚ್ಚಿದ ಕೋಣೆಯಲ್ಲಿ ಇರುಳೆಲ್ಲ ಅದನ್ನೇ ಉಸಿರಾಡಬೇಕಾಗುತ್ತದೆ. ಪ್ರಮಾಣ ಹೆಚ್ಚಿದಲ್ಲಿ ತಲೆನೋವು, ತಲೆಸುತ್ತು, ಕಣ್ಣುರಿ ಕಾಣಿಸುತ್ತವೆ. ಈ ರಾಸಾಯನಿಕವು ದೇಹದ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ, ಎದೆಹಾಲಿನಲ್ಲಿಯೂ ಕಂಡುಬಂದಿದೆ. ಆದುದರಿಂದ ಬಾಣಂತಿ, ಹಸುಗೂಸುಗಳ ಕೋಣೆಯಲ್ಲಿ ಇಂತಹ ಬಟ್ಟೆಗಳನ್ನು ಇಡಲೇಬಾರದು.

ವಾಸನೆ ಹೋಗಲೆಂದು ಧೂಪ ಹಾಕುವವರುಂಟು. ಧೂಪದ ಗುಣವನ್ನು ಆಯುರ್ವೇದ ವೈದ್ಯನಾದ ನಾನು ಅಲ್ಲಗಳೆಯಲಾರೆ. ಇಲ್ಲಿ ಮಾತ್ರ ಅದು ವಾಸನೆಯನ್ನು ಮರೆಮಾಡಿ ಹೊಗೆಯನ್ನೂ ಕೂಡಿಸುತ್ತದೆ, ಅಷ್ಟೇ. ಹೊದಿಕೆಯನ್ನು ಮನೆಯ ಹೊರಗೇ ತೆಗೆದು, ಗಾಳಿಯಾಡುವ ನೆರಳಿನಲ್ಲಿ ಒಂದೆರಡು ದಿನ ಬಟ್ಟೆಯನ್ನು ಹರವಿ, ಬಳಿಕ ಒಳಗಿಡಿರಿ. ಒಮ್ಮೆ ಉಟ್ಟ ರೇಷ್ಮೆಗೆ ಕಲೆಯಾಗಿರದಿದ್ದರೆ ಆ ಗಾಳಿಯೇ ಸಾಕು, ಅಂಗಡಿ ಬೇಡ. ಮರಳಿ ಬಂದ ಬಟ್ಟೆಯಲ್ಲಿ ವಾಸನೆ ತೀಕ್ಷ್ಣವಾಗಿದ್ದರೆ, ಸಂಕೋಚಪಡದೆ ಅಂಗಡಿಯವರಿಗೇ ಹಿಂದಿರುಗಿಸಿ ಪೂರ್ತಿಯಾಗಿ ಒಣಗಿಸಿಕೊಡಲು ಕೇಳಿರಿ.