ಮುಡಿಪಿನ ಗಂಟು

ಪ್ರಶ್ನೆ: ನನಗೆ 34 ವರ್ಷ. ಮದುವೆಯಾಗಿ ಏಳು ವರ್ಷವಾದರೂ ಮಡಿಲು ತುಂಬಲಿಲ್ಲ. ಕುಕ್ಕೆಯಲ್ಲಿ ಸರ್ಪಸಂಸ್ಕಾರ ಮಾಡಿಸಿದ್ದಾಯಿತು, ಘಾಟಿಗೂ ಹೋಗಿ ಬಂದೆವು. ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲಿನ ಹರಕೆ ಹೊತ್ತಿದ್ದೇನೆ. ಮಂಗಳವಾರ ತಪ್ಪದೆ ಹಳದಿ ಬಟ್ಟೆಯ ಮುಡಿಪಿಗೆ ಒಂದು ನಾಣ್ಯ ಹಾಕುತ್ತೇನೆ. ಒಂದು ವಾರ ಮುಟ್ಟಾಗಿ ವ್ರತ ತಪ್ಪಿತು. ಅದೇ ದೋಷವಾಯಿತೇ? ಎಲ್ಲರೂ "ಕಾಲ ಕೂಡಿ ಬರಬೇಕು" ಅನ್ನುತ್ತಾರೆ. ಮುಂದಿನ ತಿಂಗಳು ನಾದಿನಿಯ ಮಗುವಿನ ನಾಮಕರಣ. ದೇವರ ಮುಂದೆ ನಿಂತರೆ ಕೈ ಮುಗಿಯಲೂ ಮನಸ್ಸು ಬರುವುದಿಲ್ಲ.

ಉತ್ತರ: ತಾಯಿ, ಮೊದಲು ಆ ಮುಟ್ಟಿನ ಮಾತು. ಮಗು ಬೇಕೆಂದು ಬೇಡುವ ಹೆಣ್ಣಿನ ಮೇಲೆ, ಮಗು ಹೆರಲೆಂದೇ ಅವನು ಕೊಟ್ಟ ದೇಹ ತನ್ನ ಕೆಲಸ ಮಾಡಿತೆಂದು ದೇವರು ಮುನಿಯುತ್ತಾನೆಯೇ? ಆ ಭಯವನ್ನು ಇವತ್ತೇ ಬಿಟ್ಟುಬಿಡಿ. ನಿಮ್ಮ ಹರಕೆಯಲ್ಲಿ ಲೋಪವಿಲ್ಲ.

ದೊಡ್ಡಮಳೂರಿಗೆ ನಾನೂ ಹೋಗಿದ್ದೇನೆ. ಬೆಣ್ಣೆ ಹಿಡಿದು ಅಂಬೆಗಾಲಿಡುವ ಆ ಪುಟ್ಟ ಕೃಷ್ಣನನ್ನು ಕಂಡರೆ ಯಾರಿಗಾದರೂ ಎತ್ತಿಕೊಳ್ಳಬೇಕು ಅನ್ನಿಸುತ್ತದೆ. ಹರಕೆಯ ತೊಟ್ಟಿಲುಗಳನ್ನು ನೋಡುತ್ತಾ ನಿಂತಾಗ ನನಗೆ ನೆನಪಾದದ್ದು, ತೊಟ್ಟಿಲು ತರಲಾಗದೆ ಮನೆಗೆ ಮರಳಿದ ನಿಮ್ಮಂಥವರು. ಅವರ ಭಕ್ತಿ ಒಂದು ಗುಲಗಂಜಿಯಷ್ಟೂ ಕಡಿಮೆಯಿರಲಿಲ್ಲ. ಹರಕೆ ನಾವು ಪ್ರೀತಿಯಿಂದ ಕೊಡುವ ಮಾತು. ಅದನ್ನು ದೇವರ ಹೆಸರಿನಲ್ಲಿ ಬರೆದ ಸಾಲದ ಪತ್ರ ಮಾಡಿಕೊಂಡರೆ ಪ್ರತಿ ತಿಂಗಳೂ ಮನಸ್ಸು ಲೆಕ್ಕಕ್ಕೆ ಕೂರುತ್ತದೆ.

ಕಾಲ ಕೂಡಿ ಬರಬೇಕೆಂಬುದನ್ನು ನಾನೂ ಮನಸಾರೆ ನಂಬುತ್ತೇನೆ. ಆದರೆ ಸಂಕಟದಲ್ಲಿರುವವರಿಗೆ ಬೇರೆಯವರು ಆ ಮಾತು ಹೇಳಿದರೆ ಬಾಯಿ ಮುಚ್ಚಿಸಿದಂತಾಗುತ್ತದೆ. ಅದು ನಿಮ್ಮೊಳಗಿನಿಂದಲೇ ಬರಬೇಕು, ಬರುವವರೆಗೆ ಅಳಬಹುದು. ದೇವರ ಹತ್ತಿರ ಜಗಳವನ್ನೂ ಆಡಬಹುದು. ಜಗಳ ಆಡುವಷ್ಟು ಸಲಿಗೆ ಇರುವವರಿಗೆ ನಂಬಿಕೆ ಹೋಗಿದೆಯೆಂದು ನಾನು ಒಪ್ಪುವುದಿಲ್ಲ. ಒಂದು ಮಂಗಳವಾರ ಏನನ್ನೂ ಕೇಳದೆ ದೀಪ ಹಚ್ಚಿ, ಎಣ್ಣೆ ಮುಗಿಯುವವರೆಗೆ ಸುಮ್ಮನೆ ಎದುರು ಕೂತು ನೋಡಿ. ಕೈ ಮುಗಿಯಲೇಬೇಕೆಂದಿಲ್ಲ.

ಇನ್ನೊಂದು ವಿಷಯ ನಿಮ್ಮ ಪತ್ರದಲ್ಲಿ ಕಾಣಲಿಲ್ಲ: ಡಾಕ್ಟರು. ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ತಪಾಸಣೆ ಮಾಡಿಸಬೇಕು, 35 ದಾಟಿದವರು ಆರು ತಿಂಗಳಿಗೇ. ನೀವು ಈಗಾಗಲೇ ಏಳು ವರ್ಷ ಕಾದಿದ್ದೀರಿ. ಯಜಮಾನರನ್ನೂ ಕರೆದುಕೊಂಡೇ ಹೋಗಿ. ಗಂಡಸಿನಲ್ಲೂ ಕಾರಣವಿರುವುದು ತೀರಾ ಸಾಮಾನ್ಯ, ವೀರ್ಯ ಪರೀಕ್ಷೆ ಸುಲಭದ್ದು. ಅದನ್ನು ಬಿಟ್ಟು ಹೆಂಡತಿಯೊಬ್ಬಳನ್ನೇ ಗುಡಿಯಿಂದ ಗುಡಿಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸುವುದು ಅನ್ಯಾಯ. ಡಾಕ್ಟರ ಬಳಿ ಹೋದರೆ ದೇವರನ್ನು ನಂಬದ ಹಾಗಲ್ಲ. ಅವನು ಯಾವ ಬಾಗಿಲಲ್ಲಿ ಬರುತ್ತಾನೋ, ನಾವು ಒಂದಕ್ಕೂ ಚಿಲಕ ಹಾಕುವುದು ಬೇಡ.

ಮಗು ಆಗಿಯೇ ಆಗುತ್ತದೆಂದು ನಾನು ಮಾತು ಕೊಡಲಾರೆ. ಕೊಟ್ಟರೆ ನಿಮಗೆ ಮೋಸ ಮಾಡಿದಂತೆ.

ನಾಮಕರಣಕ್ಕೆ ಹೋಗಲು ಎದೆ ಒಪ್ಪದಿದ್ದರೆ ಮಗುವಿಗೊಂದು ಕುಲಾವಿ ಕಳಿಸಿ ಮನೆಯಲ್ಲಿರಿ. ಹೋದರೆ ಮೂಲೆಯಲ್ಲಿ ನಿಲ್ಲಬೇಡಿ, ನೀವು ಆ ಮಗುವಿನ ಅತ್ತೆ. ಮುಡಿಪಿನ ಗಂಟು ಇದ್ದಲ್ಲೇ ಇರಲಿ, ಬಿಚ್ಚಬೇಡಿ. ತಪಾಸಣೆಯ ರಿಪೋರ್ಟು ಬಂದ ಮೇಲೆ ನನಗೆ ಬರೆಯಿರಿ.